ಏಳು ಐವತ್ತೊಂಬತ್ತರ ಗ್ರಹಚಾರ

ಮೂರು ವಾರ ನನ್ನ ನಿದ್ದೆ ಕೆಡಿಸಿದ ಪಾಲ್‌ವೆಬರ್ ಜೇಬುಗಡಿಯಾರ ನಿನ್ನೆ ರಾತ್ರಿ ಕೊನೆಗೂ 7:59 ದಾಟಿತು.

ಬಿಚ್ಚಿದ್ದು, ತೊಳೆದದ್ದು, ಎಣ್ಣೆ ಬಿಟ್ಟದ್ದು ಎಲ್ಲ ಮಾಮೂಲಿ, ಬಿಡಿ. ಗಂಟೆ ನಿಮಿಷಕ್ಕೆ ಇದರಲ್ಲಿ ಮುಳ್ಳಿಲ್ಲ, ಕಿಟಕಿಯಲ್ಲಿ ಅಂಕಿ ಬರುತ್ತದೆ. ಸಾಲ್ಜ್‌ಬರ್ಗಿನ ಜೋಸೆಫ್ ಪಾಲ್‌ವೆಬರ್ 1883ರಲ್ಲಿ ಪೇಟೆಂಟ್ ಪಡೆದ ಏರ್ಪಾಡು. ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ನಿನ ಗಡಿಯಾರ ಕಂಪನಿ ಐಡಬ್ಲ್ಯೂಸಿ ಇಂಥವು ಸುಮಾರು 20,000 ಮಾಡಿ 1890ರ ಹೊತ್ತಿಗೆ ಕೈ ತೊಳೆದುಕೊಂಡಿತು. ನನ್ನದು ಇನ್ನೊಂದು ಸ್ವಿಸ್ ಕಂಪನಿ ಕೋರ್ಟೆಬೆರ್ಟ್ ಮಾಡಿದ್ದು.

ತಲೆನೋವು ಇರುವುದು ಗಂಟೆ ಬದಲಾಗುವಾಗ. ಆಗ ಅಂಕಿ ಬರೆದ ಮೂರೂ ಬಿಲ್ಲೆ (ಗಂಟೆಯದೊಂದು, ನಿಮಿಷದವು ಎರಡು) ಒಟ್ಟಿಗೆ ಹಾರಬೇಕು, ಶಕ್ತಿ ಮಾತ್ರ ಕೀ ಕೊಟ್ಟಾಗ ಸುತ್ತಿಕೊಳ್ಳುವ ಒಂದೇ ಮೇನ್‌ಸ್ಪ್ರಿಂಗಿನದು. 2018ರಲ್ಲಿ ಐಡಬ್ಲ್ಯೂಸಿ ಇದನ್ನು ಕೈಗಡಿಯಾರವಾಗಿ ಮತ್ತೆ ತಂದಾಗ ಬಿಲ್ಲೆಗಾಗಿಯೇ ಬೇರೆ ಬ್ಯಾರೆಲ್ (ಸ್ಪ್ರಿಂಗ್ ಕೂರುವ ಡಬ್ಬಿ) ಇಟ್ಟಿತು. ಯಾಕೆ ಅಂತ ಈಗ ನನಗೂ ಗೊತ್ತಾಯ್ತು!

ಬೆಳಿಗ್ಗೆ ಎಂಟಕ್ಕೆ ಕೀ ಕೊಟ್ಟರೆ ಸಂಜೆ 7:59ಕ್ಕೆ ನಿಲ್ಲುತ್ತಿತ್ತು. ಸ್ಪ್ರಿಂಗ್ ಸೋತಿದೆ ಅಂದುಕೊಂಡೆ. ಹೊಸದು ತರಿಸಿದೆ. ಅಗಲದ ಅಳತೆ ಎರಡು ಸಲ ಬರೆದು ಕಳಿಸಿದ್ದರೂ ಮಾರಿದ ಮಹಾನುಭಾವ ಕಳಿಸಿದ್ದು ಬ್ಯಾರೆಲ್ಲಿನ ಮುಚ್ಚಳವೇ ಕೂರದಷ್ಟು ಅಗಲದ್ದು. ವಾಪಸ್ ತಗೊಳ್ಳಲ್ಲವಂತೆ.

ಒಂದು ಭಾನುವಾರ ಮರೆತು ಮಧ್ಯಾಹ್ನ ಒಂದಕ್ಕೆ ಕೀ ಕೊಟ್ಟೆ. ಆವತ್ತೂ 7:59ಕ್ಕೇ ನಿಂತಿತು. ಏಳೇ ಗಂಟೆಯಲ್ಲಿ! ಅಂದಮೇಲೆ ತಪ್ಪು ಸ್ಪ್ರಿಂಗಿನದಲ್ಲ, ಗಂಟೆ ಬಿಲ್ಲೆಯದು ಅಲ್ವಾ? ಇಷ್ಟು ಹೊಳೆಯೋಕೆ ಮೂರು ವಾರ ಬೇಕಾಯ್ತು, ನಗಬೇಡಿ.

ಬಿಲ್ಲೆ ಎತ್ತಿ ಅಡಿಯ ನಕ್ಷತ್ರ ಚಕ್ರವನ್ನು ಐಗ್ಲಾಸಿನಲ್ಲಿ ನೋಡಿದೆ. ಹನ್ನೆರಡು ಹಲ್ಲು. ಹನ್ನೊಂದು ನುಣುಪು. ಒಂದರ ತುದಿ ಮಾತ್ರ ಉಗುರು ಮುರಿದ ಹಾಗೆ ಪಕ್ಕಕ್ಕೆ ಮಡಚಿ ಎದ್ದಿತ್ತು, ಬುಡದಲ್ಲಿ ಚಿಮುಟ ಜಾರಿದ ಗೀರು. ಹಿಂದೆ ಯಾರೋ ರಿಪೇರಿಯವರು ಮಾಡಿದ ಉಪಕಾರ. ಬಿಲ್ಲೆ ಅಲುಗದಂತೆ ಹಲ್ಲುಗಳ ನಡುವೆ ಕೂರುವ ಹಿಡಿತದ ಸ್ಪ್ರಿಂಗ್ ಏಳರಿಂದ ಎಂಟಕ್ಕೆ ಹೋಗುವಾಗ ಅದನ್ನೇ ಹತ್ತಲಾಗದೆ ಒದ್ದಾಡುತ್ತಿತ್ತು. ಸಣ್ಣ ಎಮರಿ ಕಡ್ಡಿಯಿಂದ ನಾಲ್ಕೇ ನಾಲ್ಕು ಸಲ ತೀಡಿದೆ. ಐದನೆಯದಕ್ಕೆ ಧೈರ್ಯ ಬರಲಿಲ್ಲ. ಹಲ್ಲು ಹೋದರೆ ಹೊಸ ಚಕ್ರ ಎಲ್ಲಿಂದ ತರಲಿ?

ಅಂದ ಹಾಗೆ, ಮುಂದಿನದು ನಮ್ಮಪ್ಪನ ಎಚ್ಎಂಟಿ ಜನತಾ. ಮೂರು ಮುಳ್ಳು, ಬಿಲ್ಲೆಯ ರಗಳೆಯಿಲ್ಲ. ಸ್ವಲ್ಪ ರಜೆ ಸಿಕ್ಕ ಹಾಗೆ.

ನಿನ್ನೆ ರಾತ್ರಿ ಉಸಿರು ಬಿಗಿಹಿಡಿದು ಕೂತಿದ್ದೆ. ಟಕ್. ಮೂರೂ ಕಿಟಕಿ ಒಟ್ಟಿಗೆ ತಿರುಗಿ 8:00. ಆದರೆ ಈಗ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿದೆ.