ಚೀಟಿ ಇಲ್ಲದ ಮರಿ ಕ್ಯಾಕ್ಟಸ್‌ಗೆ ಹೆಸರು ಹುಡುಕುವುದು

ಹೆಸರಿನ ಚೀಟಿ ಇಲ್ಲದ ಮರಿ ಕ್ಯಾಕ್ಟಸ್ ಮನೆಗೆ ತಂದಿದ್ದೀರಾ? ಮೊದಲು ಅದರ ಮುಳ್ಳಿನ ಬುಡ ನೋಡಿ. ಅಲ್ಲಿ ಹತ್ತಿಯಂಥ ಸಣ್ಣ ಚುಕ್ಕೆ ಇದ್ದು, ಮುಳ್ಳುಗಳು ಅದರೊಳಗಿಂದಲೇ ಹೊರಟಿದ್ದರೆ ಅದು ನಿಜವಾದ ಕ್ಯಾಕ್ಟಸ್. ಆ ಚುಕ್ಕೆಗೆ ಅರಿಯೋಲ್ ಅಂತಾರೆ. ನರ್ಸರಿಗಳಲ್ಲಿ ಅದೇ ಸಾಲಿನಲ್ಲಿಟ್ಟು ಮಾರುವ ಯೂಫೋರ್ಬಿಯಾ ಟ್ರೈಗೋನಾದಂಥ ಗಿಡಗಳಿಗೆ ಇದು ಇರುವುದಿಲ್ಲ, ಮುಳ್ಳು ಜೋಡಿಜೋಡಿಯಾಗಿ ಕಾಂಡದ ಏಣಿನ, ಅಂದರೆ ಉದ್ದಕ್ಕೆ ಎದ್ದ ಅಂಚಿನ ಮೇಲೆ ಕೂತಿರುತ್ತವೆ. ನಮ್ಮ ಹೊಲದ ಬೇಲಿಯ ಚದುರಗಳ್ಳಿಯೂ ಇದೇ ಗುಂಪಿನದು. ಹಾಲು ಬರುತ್ತಾ ನೋಡೋಣ ಅಂತ ಸುಮ್ನೆ ಗೀರಬೇಡಿ. ಯೂಫೋರ್ಬಿಯಾದ ಹಾಲು ಕಣ್ಣಿಗೆ ತಗುಲಿದರೆ ಅಪಾಯ. ಅಲ್ಲದೆ ಮ್ಯಾಮಿಲೇರಿಯಾ ಅನ್ನುವ ನಿಜವಾದ ಕ್ಯಾಕ್ಟಸ್ ಕುಲದ ಕೆಲವು ಗಿಡಗಳಲ್ಲೂ ಬಿಳಿ ಹಾಲು ಇರುತ್ತದೆ, ಹಾಗಾಗಿ ಅದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಆಮೇಲೆ ಮೈ ನೋಡಿ. ಮೇಲಿಂದ ಕೆಳಕ್ಕೆ ಏಣುಗಳಿವೆಯಾ, ಬಿಡಿಬಿಡಿ ಉಬ್ಬುಗಳಿವೆಯಾ? ಉಬ್ಬುಗಳಿದ್ದು ಪ್ರತಿಯೊಂದರ ತುದಿಯಲ್ಲೂ ಮುಳ್ಳಿನ ಗೊಂಚಲಿದ್ದರೆ ಎಲ್ಲರೂ ಮ್ಯಾಮಿಲೇರಿಯಾ ಅಂದುಬಿಡುತ್ತಾರೆ. ಇಲ್ಲೇ ಸ್ವಲ್ಪ ನಿಲ್ಲಬೇಕು. ಗೋಲ್ಡನ್ ಬ್ಯಾರೆಲ್ ಗೊತ್ತಲ್ವಾ, ಹಳದಿ ಮುಳ್ಳಿನ ದೊಡ್ಡ ಗುಂಡು ಕ್ಯಾಕ್ಟಸ್? ಅದರ ಮರಿಗೆ ಏಣೇ ಇರುವುದಿಲ್ಲ. ಮೈ ತುಂಬಾ ಬರೀ ಉಬ್ಬುಗಳು, ಥೇಟ್ ಮ್ಯಾಮಿಲೇರಿಯಾ ಥರ. ಬೆಳೆಯುತ್ತಾ ಹೋದ ಹಾಗೆ ಆ ಉಬ್ಬುಗಳು ಒಂದಕ್ಕೊಂದು ಕೂಡಿಕೊಂಡು ಏಣುಗಳಾಗುತ್ತವೆ. ದೊಡ್ಡ ಗಿಡದ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿದರೆ ಇದು ಅದೇ ಗಿಡ ಅಂತ ನಂಬುವುದೇ ಕಷ್ಟ. ಮೊಬೈಲ್ ಆ್ಯಪ್ ಹೇಳುವ ಹೆಸರನ್ನು ಮರಿಗಿಡಗಳ ವಿಷಯದಲ್ಲಿ ನಾನು ಹಾಗೇ ಒಪ್ಪಿಕೊಳ್ಳದಿರುವುದು ಇದಕ್ಕೇ. ಇನ್ನೊಂದು ಮಾತು, ಈ ಗಿಡ ಹಳೆಯ ಪುಸ್ತಕಗಳಲ್ಲಿ ಎಕಿನೋಕ್ಯಾಕ್ಟಸ್ ಗ್ರುಸೋನಿಯೈ, 2014ರಲ್ಲಿ ಇದಕ್ಕೆ ಕ್ರೊಯೆನ್‌ಲೈನಿಯಾ ಅಂತ ಹೊಸ ಕುಲದ ಹೆಸರು ಕೊಟ್ಟರು. ಎರಡೂ ಹೆಸರು ಕಣ್ಣಿಗೆ ಬಿದ್ದರೆ ಗಾಬರಿಯಾಗಬೇಡಿ.

ಉಬ್ಬಿನ ಮೇಲ್ಭಾಗದಲ್ಲಿ ಸಣ್ಣ ಗೀರಿನಂಥ ಕಾಲುವೆ ಕಂಡರೆ ಕೋರಿಫಾಂಥಾ ಇರಬಹುದು, ಆದರೆ ತೀರಾ ಎಳೆಯ ಗಿಡದಲ್ಲಿ ಆ ಗೀರು ಇನ್ನೂ ಮೂಡಿರುವುದಿಲ್ಲ. ಅರಿಯೋಲ್ ಕೆಳಗೆ ಗದ್ದದ ಥರ ಉಬ್ಬಿದ್ದರೆ ಜಿಮ್ನೋಕ್ಯಾಲಿಸಿಯಂ. ಅಗಲವಾದ ಕೆಲವೇ ಏಣು, ಮೈಮೇಲೆಲ್ಲ ಬಿಳಿ ಚುಕ್ಕಿ ಇದ್ದರೆ ಆಸ್ಟ್ರೋಫೈಟಂ ಕಡೆ ಹುಡುಕಿ. ಮೊಲದ ಕಿವಿಯಂಥ ಚಪ್ಪಟೆ ಗಿಡದಲ್ಲಿ ಮುಳ್ಳೇ ಇಲ್ಲ ಅಂತ ಮುಟ್ಟಬೇಡಿ, ಅದರ ಅರಿಯೋಲ್‌ಗಳಲ್ಲಿರುವ ಕೂದಲಿನಂಥ ಮುಳ್ಳು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಬಹಳ ಕಷ್ಟ. ಕೆಂಪು ಅಥವಾ ಹಳದಿ ಉಂಡೆಯ ಮೂನ್ ಕ್ಯಾಕ್ಟಸ್ ಅಂತೂ ಎರಡು ಗಿಡ. ಮೇಲಿನದು ಜಿಮ್ನೋಕ್ಯಾಲಿಸಿಯಂ, ಕೆಳಗಿನ ಮೂರು ಏಣಿನ ಹಸಿರು ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಬಳ್ಳಿಯ ತುಂಡು. ಮೇಲಿನದಕ್ಕೆ ಹಸಿರೇ ಇಲ್ಲದ ಕಾರಣ ಕಸಿ ಬಿಟ್ಟು ಬದುಕುವುದಿಲ್ಲ.

ನೆರಳಲ್ಲಿ ಬೆಳೆದ ಮರಿ ಉದ್ದಕ್ಕೆ ಸಣಕಲಾಗಿ ಏಳುತ್ತದೆ, ಮುಳ್ಳೂ ಬಡವಾಗಿರುತ್ತವೆ. ಅಂಥದ್ದನ್ನು ನೋಡಿ ಹೆಸರು ಹೇಳುವುದು ಬೇಡ. ನಿಧಾನವಾಗಿ ಬಿಸಿಲಿಗೆ ಒಗ್ಗಿಸಿ, ಹೊಸ ಮುಳ್ಳು ಬರಲಿ, ಆಗ ನೋಡೋಣ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಹೂವು. ಆದರೆ ಅಂಗಡಿಯಲ್ಲೇ ಹೂ ಇತ್ತು ಅಂದರೆ ಅದರ ಬುಡ ನೋಡಿ, ಒಣಹೂವನ್ನು ಅಂಟಿನಿಂದ ಅಂಟಿಸಿ ಮಾರುವುದು ಜಾಸ್ತಿ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ, ಗಿಡದ ಬೆಳೆಯುವ ತುದಿಗೇ ಅಂಟು ಸುರಿದಿರುತ್ತಾರೆ. ನಿಜವಾದ ಮೊಗ್ಗು ಬಂದಾಗ, ಉಬ್ಬುಗಳ ಸಂದಿಯಿಂದ ನೆತ್ತಿಯ ಸುತ್ತ ಬಳೆಯಂತೆ ಸಣ್ಣ ಹೂ ಅರಳಿದರೆ ಮ್ಯಾಮಿಲೇರಿಯಾ. ಮೊಗ್ಗಿನ ಮೇಲೆ ಮುಳ್ಳು, ಕೂದಲು ಏನೂ ಇಲ್ಲದೆ ನುಣುಪಾದ ಹುರುಪೆಗಳಿದ್ದರೆ ಜಿಮ್ನೋಕ್ಯಾಲಿಸಿಯಂ. ಉದ್ದ ಕೊಳವೆ, ಅದರ ತುಂಬಾ ಕೂದಲು ಇದ್ದರೆ ಎಕಿನಾಪ್ಸಿಸ್ ಇರಬಹುದು.

ಅಲ್ಲಿಯವರೆಗೆ ಚೀಟಿಯಲ್ಲಿ ಮ್ಯಾಮಿಲೇರಿಯಾ, ಜಿಮ್ನೋಕ್ಯಾಲಿಸಿಯಂ ಥರ ಕುಲದ ಹೆಸರಷ್ಟೇ ಬರೆಯಿರಿ, ಜೊತೆಗೆ ಎಲ್ಲಿ ಕೊಂಡಿದ್ದು, ಯಾವ ತಿಂಗಳು ಅಂತ. ಮಿಶ್ರತಳಿಗಳಾದರೆ ಅಷ್ಟಕ್ಕೇ ನಿಲ್ಲಬೇಕಾಗಬಹುದು. ತಿಳಿದವರನ್ನು ಕೇಳುವಾಗ ಮೇಲಿಂದ ಒಂದು, ಪಕ್ಕದಿಂದ ಒಂದು, ಮುಳ್ಳಿನ ಬುಡದ್ದು ಹತ್ತಿರದಿಂದ ಒಂದು ಫೋಟೊ ತೆಗೆದು ಕಳಿಸಿ, ಪಕ್ಕದಲ್ಲಿ ಸ್ಕೇಲ್ ಇಡಿ. ಹೂ ಬಿಟ್ಟಾಗ ಮತ್ತೊಂದು ತೆಗೆಯಿರಿ. ರಾತ್ರಿ ಅರಳುವ ಎಕಿನಾಪ್ಸಿಸ್ ಆಗಿದ್ದರೆ ಮಾತ್ರ ತಡ ಮಾಡಬೇಡಿ, ಮಾರನೇ ದಿನ ಬಿಸಿಲೇರುವಷ್ಟರಲ್ಲಿ ಹೂ ಬಾಡಿರುತ್ತದೆ.