ಬಾದಾಮಿ: ಎರಡು ಗುಡ್ಡಗಳ ನಡುವಿನ ಊಟ-ತಿಂಡಿ

ಬಾದಾಮಿಗೆ ಬರುವವರು ಗುಹೆ ತೆರೆಯುವ ಹೊತ್ತು ವಿಚಾರಿಸಿಕೊಂಡು ಬರುತ್ತಾರೆ, ಊಟದ ಹೊತ್ತು ವಿಚಾರಿಸುವುದಿಲ್ಲ. ಬೆಳಗ್ಗೆ ತಡವಾಗಿ ಎದ್ದು, ಹನ್ನೊಂದಕ್ಕೆ ಗುಹೆ ಹತ್ತಿ, ಒಂದೂವರೆಗೆ ಪಟ್ಟದಕಲ್ಲಿಗೆ ಹೊರಟರೆ ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಎಳನೀರು, ಚುರಮರಿ (ಮಂಡಕ್ಕಿ) ಬಿಟ್ಟು ಹೆಚ್ಚೇನೂ ಸಿಗದ ಜಾಗದಲ್ಲಿ ನಿಂತಿರುತ್ತೀರಿ. ಸಂಜೆ ಹೋಟೆಲಿಗೆ ಮರಳಿ ಪನೀರ್ ಮಸಾಲಾ, ನಾನ್ ತಿಂದು ಮಲಗುತ್ತೀರಿ. ಈ ಸೀಮೆಯ ಒಳ್ಳೆಯ ಊಟ ಮಧ್ಯಾಹ್ನದ್ದು, ಅದೂ ಊರಿನಿಂದ 5 ಕಿಲೋಮೀಟರ್ ಆಚೆ ಬನಶಂಕರಿಯಲ್ಲಿ. ಅದನ್ನು ನಡುವೆ ಇಟ್ಟುಕೊಂಡು ಉಳಿದ ದಿನವನ್ನು ಹೊಂದಿಸಬೇಕು. ಎರಡು ದಿನ ಇದ್ದರೆ ಏನೂ ತಪ್ಪಿಹೋಗುವುದಿಲ್ಲ.

ಮೊದಲ ದಿನ ಬೆಳಗ್ಗೆ ಬರೀ ಚಹಾ ಕುಡಿದು ಗುಹೆಗಳಿಗೆ ಹೋಗಿ. ಬಸ್ ನಿಲ್ದಾಣದ ಸುತ್ತ, ಮುಖ್ಯ ರಸ್ತೆಯುದ್ದಕ್ಕೂ ಚಹಾದಂಗಡಿಗಳು ನಸುಕಿನಲ್ಲೇ ಒಲೆ ಹಚ್ಚುತ್ತವೆ. ಇಲ್ಲಿ ಹಾಲು, ಪುಡಿ, ಸಕ್ಕರೆ ಎಲ್ಲವನ್ನೂ ಒಟ್ಟಿಗೆ ಕುದಿಸಿಬಿಡುತ್ತಾರೆ. ಹಾಗಾಗಿ ಲೋಟ ಕೈಗೆ ಬಂದ ಮೇಲೆ ‘ಸಕ್ಕರಿ ಬ್ಯಾಡ್ರಿ’ ಅಂದರೆ ಉಪಯೋಗವಿಲ್ಲ. ಒಲೆ ಮೇಲೆ ಪಾತ್ರೆ ಇಡುವ ಮೊದಲೇ ಹೇಳಬೇಕು. ರೈಲ್ವೆ ಸ್ಟೇಷನ್ನಿನಲ್ಲಿ ಇಳಿದವರು ಅಲ್ಲಿಯೇ ತಿಂಡಿಗೆ ಕೂರಬೇಡಿ, ಊರು ಅಲ್ಲಿಂದ ಸುಮಾರು 5 ಕಿಲೋಮೀಟರ್ ದೂರ, ಅಂಗಡಿಗಳೆಲ್ಲ ಊರಿನಲ್ಲೇ ಇವೆ.

ಗುಹೆಗಳ ಮೆಟ್ಟಿಲಿನ ಮೇಲೆ ತಿನ್ನುವ ಯಾವುದನ್ನೂ ಕೈಯಲ್ಲಿ ಹಿಡಿಯಬೇಡಿ. ಅಲ್ಲಿನ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಚೆನ್ನಾಗಿ ಗೊತ್ತು. ಚೀಲದಲ್ಲಿ ಏನಿದೆ ಎಂದು ನೋಡುವುದಿಲ್ಲ, ಸೀದಾ ಕಸಿದುಕೊಳ್ಳುತ್ತವೆ. ಬಾಳೆಹಣ್ಣು, ಬಿಸ್ಕತ್ತು ಮಾತ್ರವಲ್ಲ, ಬಣ್ಣದ ಪಾನೀಯದ ಬಾಟಲಿಯೂ ಹೋಗುತ್ತದೆ. ನೀರನ್ನು ಬೆನ್ನಿನ ಚೀಲದೊಳಗೆ ಹಾಕಿ ಜಿಪ್ ಎಳೆದಿಡಿ. ಕಸಿಯಲು ಬಂದರೆ ಜಗ್ಗಾಡದೆ ಬಿಟ್ಟುಬಿಡಿ. ಜಗ್ಗಾಡಿದಾಗಲೇ ಪರಚಿಸಿಕೊಳ್ಳುವುದು, ಮೆಟ್ಟಿಲಿನಲ್ಲಿ ಕಾಲು ತಪ್ಪುವುದು.

ಗುಹೆಯಿಂದ ಇಳಿದ ಮೇಲೆ ತಿಂಡಿಗೆ ಸರಿಯಾದ ಹೊತ್ತು. ಇಡ್ಲಿ, ವಡೆ, ಪೂರಿ ಎಲ್ಲ ಕಡೆಯೂ ಇವೆ. ಆದರೆ ಸುಸಲಾ ಕಂಡರೆ ಅದನ್ನೇ ಕೇಳಿ. ಚುರಮರಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆದು, ಉಳ್ಳಾಗಡ್ಡಿ (ಈರುಳ್ಳಿ), ಹಸಿಮೆಣಸಿನಕಾಯಿ, ಶೇಂಗಾದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕಲಸುತ್ತಾರೆ. ನೀರಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೂ ಮುದ್ದೆಯಾಗುತ್ತದೆ, ಮಾಡಿ ಒಂದು ತಾಸು ಇಟ್ಟರೆ ಪುಟಾಣಿ ಹಿಟ್ಟು ತೇವವನ್ನೆಲ್ಲ ಹೀರಿ ಗಂಟಲಲ್ಲಿ ಇಳಿಯುವುದಿಲ್ಲ. ಡಬರಿಯಿಂದ ಹಬೆ ಏಳುತ್ತಿದ್ದರೆ ತಿನ್ನಿ, ಇಲ್ಲವಾದರೆ ಇಡ್ಲಿಯೇ ವಾಸಿ. ಹೊಟ್ಟೆ ತುಂಬ ತಿನ್ನಬೇಡಿ.

ಹನ್ನೆರಡಕ್ಕೆ ಬನಶಂಕರಿಯಲ್ಲಿರಬೇಕು. ಗುಡಿ ಇರುವುದು ಚೋಳಚಗುಡ್ಡದಲ್ಲಿ. ಬಸ್ಸು, ಆಟೊ ಎರಡೂ ಸಿಗುತ್ತವೆ. ಗುಡಿಯ ಎದುರಿಗಿರುವ ಹರಿದ್ರಾತೀರ್ಥ ಹೊಂಡದ ಸುತ್ತಮುತ್ತ, ಮರದ ನೆರಳಿನಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ‘ಬರ್ರೀ ಅಣ್ಣಾರ, ರೊಟ್ಟಿ ಉಣ್ಣಬರ್ರಿ’ ಎಂದು ಕರೆಯುವ ದನಿ ದೂರದಿಂದಲೇ ಕೇಳುತ್ತದೆ. ಮನೆಯಲ್ಲಿ ಬೆಳಗ್ಗೆ ಮಾಡಿಕೊಂಡು ತಂದ ಅಡುಗೆ ಅದು. ಬಟ್ಟೆ ಸುತ್ತಿದ ರೊಟ್ಟಿ ಗಂಟು, ಎರಡು-ಮೂರು ಡಬ್ಬಿ ಪಲ್ಯ, ಚಟ್ನಿ, ಪಕ್ಕದಲ್ಲಿ ಮಣ್ಣಿನ ಕುಡಿಕೆಗಳಲ್ಲಿ ಮೊಸರು. ಕೂರುವ ಮೊದಲೇ ‘ಊಟಕ್ಕ ಎಷ್ಟ್ರಿ, ಏನೇನ್ ಬರ್ತಾವ, ಮೊಸರು ಬ್ಯಾರೇನ್ರಿ?’ ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಮೊಸರಿನ ಲೆಕ್ಕ ಬೇರೆ, ಹೆಚ್ಚಿನ ರೊಟ್ಟಿಯ ಲೆಕ್ಕವೂ ಬೇರೆ. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಕೈಯಲ್ಲಿರಲಿ. ಐನೂರರ ನೋಟು ಕೊಟ್ಟರೆ ಆ ತಾಯಿ ಪಕ್ಕದವರ ಹತ್ತಿರವೆಲ್ಲ ಚಿಲ್ಲರೆಗಾಗಿ ಓಡಾಡಬೇಕಾಗುತ್ತದೆ.

ರೊಟ್ಟಿ ಮೇಲೆ ಬಡಿಸುವುದು ಮಡಿಕಿ ಕಾಳು ಅಥವಾ ಹೆಸರುಕಾಳಿನ ಪಲ್ಯ, ಎಣ್ಣೆಗಾಯಿ ಬದನೆಕಾಯಿ, ಕೆಂಪು ಖಾರ, ಶೇಂಗಾ ಹಿಂಡಿ (ಚಟ್ನಿಪುಡಿ), ಕೆಲವೊಮ್ಮೆ ಕಡಲೆಹಿಟ್ಟಿನ ಝುಣಕ ಅಥವಾ ಹುಳಿ ಸೊಪ್ಪಿನ ಪುಂಡಿಪಲ್ಯ. ಬದಿಗೆ ಹಸಿ ಉಳ್ಳಾಗಡ್ಡಿ. ಎಣ್ಣೆಗಾಯಿಗೆ ಎಳೆ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳು ಹಾಕಿ, ಹುರಿದ ಶೇಂಗಾ, ಎಳ್ಳು ಅಥವಾ ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಖಾರಪುಡಿ ಕುಟ್ಟಿ ತುಂಬಿರುತ್ತಾರೆ. ಶೇಂಗಾ ಆಗದವರು ಇಲ್ಲಿ ಬಹಳ ಹುಷಾರಾಗಿರಬೇಕು. ಎಣ್ಣೆಗಾಯಿ, ಹಿಂಡಿ, ಒಗ್ಗರಣೆ ಎಲ್ಲದರಲ್ಲೂ ಶೇಂಗಾ ಇರುತ್ತದೆ. ಅಂಥವರಿಗೆ ರೊಟ್ಟಿ, ಮೊಸರು, ಉಳ್ಳಾಗಡ್ಡಿಯಷ್ಟೇ ಲೇಸು.

ರೊಟ್ಟಿಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಹಿಂಗಾರಿ ಬಿಳಿಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಅಂಗೈ ಬುಡದಿಂದ ಒತ್ತಿ ನಾದುತ್ತಾರೆ. ಗೋಧಿಯಂತೆ ಜೋಳದ ಹಿಟ್ಟಿಗೆ ಎಳೆಯುವ ಅಂಟು ಇಲ್ಲ, ಕುದಿಯುವ ನೀರು ಬಿದ್ದಾಗಲೇ ಅದಕ್ಕೆ ಜಿಗಿ ಬರುವುದು. ಆಮೇಲೆ ಕೈಯಿಂದ ಬಡಿಬಡಿದು ಅಗಲ ಮಾಡಿ, ಹೆಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆ ಸವರಿ ತಿರುವುತ್ತಾರೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿರುತ್ತದೆ, ರುಚಿಯಲ್ಲೂ ಸಣ್ಣ ಕಹಿ ಬರುತ್ತದೆ. ಅಂಚು ನೋಡಿದರೆ ಗೊತ್ತಾಗುತ್ತದೆ: ಸೀಳು ಸೀಳಾಗಿದ್ದರೆ ಹಳೆಯ ಹಿಟ್ಟು ಅಥವಾ ಎಸರು ಕಡಿಮೆ ಬಿದ್ದದ್ದು. ಒಳ್ಳೆಯ ಮೆತ್ತನೆ ರೊಟ್ಟಿ ನಾಲ್ಕು ಮಡಿಕೆ ಮಾಡಿದರೂ ಮುರಿಯುವುದಿಲ್ಲ. ಕಡಕ್ ರೊಟ್ಟಿಯ ರೀತಿ ಬೇರೆ. ಅದನ್ನು ಮುರಿದು ಪಲ್ಯದ ರಸದಲ್ಲೋ ಮೊಸರಿನಲ್ಲೋ ಒಂದು ನಿಮಿಷ ನೆನೆಯಲು ಬಿಡಬೇಕು. ಮಕ್ಕಳಿಗೆ ಅದನ್ನೇ ಮೊಸರಿನಲ್ಲಿ ಪುಡಿ ಮಾಡಿ ಕಲಸಿ ಕೊಟ್ಟರೆ ಖಾರದ ಗೋಜೇ ಇಲ್ಲ.

ಕುಡಿಕೆ ಮೊಸರು ಗಟ್ಟಿಯಾಗಿರುವುದಕ್ಕೆ ಸುಟ್ಟ ಮಣ್ಣಿನ ಗುಣವೇ ಕಾರಣ. ಕುಡಿಕೆಯ ಗೋಡೆ ನೀರನ್ನು ಹೀರಿಕೊಂಡು ಹೊರಗೆ ಆರಿಸುತ್ತದೆ, ಒಳಗೆ ತಂಪೂ ಉಳಿಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ನಂತರ ಅದು ಹುಳಿಯಾಗುತ್ತದೆ. ಕೊಳ್ಳುವ ಮೊದಲು ಮೇಲ್ಭಾಗ ನೋಡಿ: ಕೆನೆ ಒಡೆಯದೆ ಸಮನಾಗಿದ್ದರೆ ಅವತ್ತಿನದು. ಬಿರುಕು ಬಿಟ್ಟು ನೀರು ನಿಂತಿದ್ದರೆ ಬೇರೆ ಕುಡಿಕೆ ಕೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ.

‘ಖಾರ ಕಡಿಮಿ ಮಾಡ್ರಿ’ ಎನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ, ಅಡುಗೆ ಆಗಿಹೋಗಿರುತ್ತದೆ. ಕೆಂಪು ಖಾರವನ್ನು ಬಡಿಸುವ ಮೊದಲೇ ಬೇಡವೆನ್ನಿ, ಹಿಂಡಿಗೆ ಮೊಸರು ಕಲಸಿಕೊಳ್ಳಿ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಹೋಗುವುದಿಲ್ಲ, ಒಂದು ತುತ್ತು ಮೊಸರು ಬಾಯಲ್ಲಿಟ್ಟುಕೊಳ್ಳಿ.

ಜನವರಿಯ ಆಸುಪಾಸಿನಲ್ಲಿ ಬರುವುದಾದರೆ ಬನದ ಹುಣ್ಣಿಮೆಯ ದಿನಾಂಕ ನೋಡಿಕೊಳ್ಳಿ. ಪುಷ್ಯ ಮಾಸದ ಈ ಹುಣ್ಣಿಮೆಗೆ ಬನಶಂಕರಿ ತೇರು. ಅದರ ಹಿಂದಿನ ದಿನದ ಪಲ್ಯದ ಹಬ್ಬದಲ್ಲಿ ತಾಯಿಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ. ಬರಗಾಲದಲ್ಲಿ ಸೊಪ್ಪು ಕಾಯಿ ಕೊಟ್ಟು ಲೋಕವನ್ನು ಸಾಕಿದ ಶಾಕಂಭರಿ ಅವಳೇ. ಜಾತ್ರೆಯಲ್ಲಿ ನಾಟಕ ಕಂಪನಿಗಳು ರಾತ್ರಿಯಿಡೀ ಆಡುವುದರಿಂದ ಮಿರ್ಚಿ ಅಂಗಡಿ, ಖಾನಾವಳಿಗಳು ಸರಿರಾತ್ರಿಯಲ್ಲೂ ತೆರೆದಿರುತ್ತವೆ. ಆದರೆ ಆಗ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ಅದೇ ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಳೆ ಜೋಳದ ತೆನೆ ಸುಟ್ಟು ಉಜ್ಜಿದ ಸೀತನಿ, ಹಸಿ ಕಡಲೆ ಸಿಗುತ್ತವೆ. ಬದನೆಕಾಯಿಯ ರುಚಿಯೂ ಆಗಲೇ. ಏಪ್ರಿಲ್-ಮೇ ತಿಂಗಳಲ್ಲಿ ಈ ಯಾವುದೂ ಇಲ್ಲ, ಬಿಸಿಲು ಮಾತ್ರ 40 ಡಿಗ್ರಿ ಮುಟ್ಟುತ್ತದೆ.

ಊಟವಾದ ಮೇಲೆ ರೂಮಿಗೆ ಹೋಗಿ ಮಲಗಿ. ಕೆಂಪು ಕಲ್ಲಿನ ಗುಡ್ಡ ಮೂರು ಗಂಟೆಗೆ ಕಾದಿರುತ್ತದೆ. ನಾಲ್ಕೂವರೆಗೆ ಅಗಸ್ತ್ಯತೀರ್ಥದ ದಂಡೆಗೆ ಬನ್ನಿ. ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆಯ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮ್ಯೂಸಿಯಂ ನೋಡುವವರು ಶುಕ್ರವಾರ ಬಿಟ್ಟು ಬನ್ನಿ, ಅಂದು ರಜೆ. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ ಬೇಯಿಸಿ ಅತಿಥಿಗಳಿಗೆ ಬಡಿಸುತ್ತಿದ್ದ, ಅಗಸ್ತ್ಯರು ಉಂಡು ಹೊಟ್ಟೆ ಸವರಿಕೊಂಡು ಅವನನ್ನು ಜೀರ್ಣಿಸಿಕೊಂಡರು ಎಂಬ ಕಥೆ ಈ ನೆಲದ್ದೇ. ಮಗುವಿಗೆ ಉಣಿಸಿ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಎನ್ನುವ ತಾಯಂದಿರು ಕರ್ನಾಟಕದ ತುಂಬ ಇದ್ದಾರೆ.

ಕೆರೆಯಿಂದ ಮರಳುವಾಗ ಗಿರಮಿಟ್ (ಗೊಜ್ಜು ಕಲಸಿದ ಚುರಮರಿ), ಮಿರ್ಚಿ ಭಜಿ. ಐದು ಗಂಟೆ ಸುಮಾರಿಗೆ ಬಾಣಲೆಗೆ ಹೊಸ ಎಣ್ಣೆ ಬಿದ್ದಿರುತ್ತದೆ, ಆಗ ತಿನ್ನುವುದು ಒಳ್ಳೆಯದು. ಕಪ್ಪಾಗಿ ನೊರೆ ಬರುತ್ತಿರುವ ಎಣ್ಣೆ ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ. ಗಿರಮಿಟ್ಟನ್ನು ಕಣ್ಣೆದುರೇ ಕಲಸಿಸಿಕೊಳ್ಳಿ. ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜು ಚುರಮರಿಗೆ ತಾಗಿ ಐದು ನಿಮಿಷವಾದರೆ ಗರಿ ಹೋಗುತ್ತದೆ. ಪಾರ್ಸಲ್ ಬೇಕಿದ್ದರೆ ಗೊಜ್ಜು, ಚುರಮರಿ ಬೇರೆ ಬೇರೆ ಕಟ್ಟಿಸಿ.

ರಾತ್ರಿಗೆ ಖಾನಾವಳಿ. ಲಿಂಗಾಯತ ಖಾನಾವಳಿಗಳಲ್ಲಿ ರೊಟ್ಟಿ, ಎರಡು ಪಲ್ಯ, ಅನ್ನ, ಸಾರು, ಮಜ್ಜಿಗೆ. ‘ಬಿಸಿ ರೊಟ್ಟಿ ಅದಾವೇನ್ರಿ?’ ಎಂದು ಮೊದಲು ಕೇಳಿ, ಇಲ್ಲವೆಂದರೆ ಕಡಕ್ ರೊಟ್ಟಿ ತೆಗೆದುಕೊಳ್ಳಿ. ಮಧ್ಯಾಹ್ನ ಮಾಡಿಟ್ಟು ತಣ್ಣಗಾದ ಮೆತ್ತನೆ ರೊಟ್ಟಿ ಎರಡಕ್ಕೂ ಸಲ್ಲುವುದಿಲ್ಲ. ಮಾಂಸದೂಟಕ್ಕೆ ಸಾವಜಿ ಖಾನಾವಳಿ ಹುಡುಕಿ. ಮಸಾಲೆಯನ್ನು ಕಪ್ಪಾಗುವವರೆಗೆ ಹುರಿದ ಆ ಮಟನ್ ಸಾರು ಅಭ್ಯಾಸವಿಲ್ಲದವರಿಗೆ ಕಣ್ಣೀರು ತರಿಸುತ್ತದೆ. ಮೊದಲು ಸ್ವಲ್ಪವೇ ಹಾಕಿಸಿಕೊಂಡು ರುಚಿ ನೋಡಿ. ಬೀರು ಬೇಕಾದವರಿಗೆ ಮುಖ್ಯ ರಸ್ತೆಯಲ್ಲಿ ಬಾರ್ ಅಂಡ್ ರೆಸ್ಟೋರೆಂಟ್‌ಗಳಿವೆ. ಕುಟುಂಬದೊಂದಿಗೆ ಬಂದು ಶಾಂತವಾಗಿ ಕೂತು ಉಣ್ಣಬೇಕೆಂದರೆ ರಾಮದುರ್ಗ ರಸ್ತೆಯ ಸರ್ಕಾರಿ ಹೋಟೆಲ್ ಮಯೂರ ಚಾಲುಕ್ಯ ಇದೆ. ಹತ್ತು ಗಂಟೆಯ ನಂತರ ಊಟ ಸಿಗುತ್ತದೆಂದು ನಂಬಿ ಕೂರಬೇಡಿ.

ನೀರಿನ ಮಾತು. ಬೋರಿನ ನೀರು ಇಲ್ಲಿ ಬಹಳ ಕಡೆ ಸವಳು, ಹೊರಗಿನವರ ಹೊಟ್ಟೆಗೆ ಒಗ್ಗುವುದಿಲ್ಲ. ಕಾರಿನಲ್ಲಿ ಬಂದವರು ಒಂದು ಕ್ಯಾನ್ ಇಟ್ಟುಕೊಂಡರೆ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳಬಹುದು. ನಲ್ಲಿಯಿಂದ ಒಮ್ಮೆಲೇ ಕ್ಯಾನಿನಷ್ಟು ನೀರು ಸುರಿಯುವುದರಿಂದ ಸಣ್ಣ ಬಾಟಲಿ ಹಿಡಿದರೆ ಹೆಚ್ಚಿನದೆಲ್ಲ ಚರಂಡಿಗೆ. ಕಬ್ಬಿನ ಹಾಲು ಕುಡಿಯುವವರು ಐಸ್ ಬೇಡವೆನ್ನಿ, ಐಸು ಯಾವ ನೀರಿನದೆಂದು ಹೇಳಲಾಗುವುದಿಲ್ಲ. ಗಾಣದ ಉರುಳೆಗೆ ನೊಣ ಮುತ್ತಿದ್ದರೆ ಅದೂ ಬೇಡ.

ಎರಡನೆಯ ದಿನ ಮಹಾಕೂಟ, 22 ಕಿಲೋಮೀಟರ್ ದೂರದ ಪಟ್ಟದಕಲ್ಲು, ಅಲ್ಲಿಂದ ಮುಂದೆ ಐಹೊಳೆ. ಈ ದಾರಿಯಲ್ಲಿ ಊಟದ ಆಯ್ಕೆ ಕಡಿಮೆ, ಹಾಗಾಗಿ ಬುತ್ತಿ ಕಟ್ಟಿಕೊಂಡೇ ಹೊರಡಿ. ಹಿಂದಿನ ರಾತ್ರಿಯೇ ಖಾನಾವಳಿಯಲ್ಲಿ ಹೇಳಿದರೆ ಬೆಳಗ್ಗೆ ಕಟ್ಟಿಕೊಡುತ್ತಾರೆ. ತಲೆಗೆ ಮೂರು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಚಟ್ನಿ, ಉಳ್ಳಾಗಡ್ಡಿ ಸಾಕು. ಕಾಳಿನ ಪಲ್ಯ, ಸಾರು ಬುತ್ತಿಗೆ ಬೇಡ, ಬಿಸಿಲಿನಲ್ಲಿ ಕಾರಿನೊಳಗೆ ಮಧ್ಯಾಹ್ನದ ಹೊತ್ತಿಗೆ ಹಳಸುತ್ತವೆ. ಮೊಸರನ್ನು ದಾರಿಯಲ್ಲೇ ಕೊಳ್ಳಿ.

ಐಹೊಳೆ ಮುಗಿಸಿದವರು ಹುನಗುಂದ ತಾಲ್ಲೂಕಿನ ಅಮೀನಗಡಕ್ಕೆ ಹೋಗಿ ಕರದಂಟು ಕೊಳ್ಳಬೇಕು. ತಿನ್ನುವ ಅಂಟನ್ನು (ಗೋಂದು) ತುಪ್ಪದಲ್ಲಿ ಅರಳುವವರೆಗೆ ಕರಿದು, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ದರ ಏರುವುದು ಒಣಹಣ್ಣಿನ ಪ್ರಮಾಣದ ಮೇಲೆ. ಒಂದು ಚೂರು ಕೇಳಿ ತಿಂದು ನೋಡಿಯೇ ತೂಕ ಹಾಕಿಸಿ. ಅಂಟು ಹಲ್ಲಿಗೆ ಸಿಕ್ಕ ಕೂಡಲೇ ಪುಡಿಯಾಗಬೇಕು, ಒಳಗೆ ಹಸಿ ಉಳಿದಿದ್ದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕೊಬ್ಬರಿಯ ವಾಸನೆ ಕಮಟಾಗಿದ್ದರೆ ಅದು ಹಳೆಯ ಸರಕು. ಮನೆಗೆ ಒಯ್ದ ಮೇಲೆ ಫ್ರಿಜ್ಜಿನಲ್ಲಿಡಬೇಡಿ, ಬೆಲ್ಲದ ಪಾಕ ಕಲ್ಲಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ತೇವ ತಾಗದಂತೆ ಹೊರಗೇ ಇಡಿ.