ರಿಪೋರ್ಟ್ ನಾರ್ಮಲ್ ಬಂದಿದೆ, ಇನ್ನೂ ಆ ಮಾತ್ರೆ ಬೇಕಾ?

"ಅಪ್ಪನಿಗೆ 78 ಆಯ್ತು. ಸ್ಟೆಂಟ್ ಹಾಕಿಸಿ ನಾಲ್ಕು ವರ್ಷ. ಕೊಲೆಸ್ಟ್ರಾಲ್ ಈಗ ನಾರ್ಮಲ್ ಇದೆ. ಈ ವಯಸ್ಸಲ್ಲಿ ಆ ರಾತ್ರಿ ಮಾತ್ರೆ ಬೇಕಾ ಡಾಕ್ಟ್ರೇ?"

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ರಾತ್ರಿ ಮಾತ್ರೆ ಅಂದರೆ ಸಾಮಾನ್ಯವಾಗಿ ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್. ಕೊಲೆಸ್ಟ್ರಾಲ್ ಇಳಿಸುವ ಇಂಥ ಮಾತ್ರೆಗಳಿಗೆ ಸ್ಟಾಟಿನ್ ಅನ್ನುತ್ತಾರೆ. (ಇವೆರಡನ್ನೂ ಬೆಳಿಗ್ಗೆ ತಗೊಂಡರೂ ನಡೆಯುತ್ತದೆ. ಮರೆಯಬಾರದು ಅಷ್ಟೇ.)

ಬೇಕು. ಹಾರ್ಟ್ ಅಟ್ಯಾಕ್, ಸ್ಟೆಂಟ್ ಅಥವಾ ಬೈಪಾಸ್ ಆದವರು ಬರೀ ವಯಸ್ಸಾಯಿತು ಅಂತ ಸ್ಟಾಟಿನ್ ಬಿಡಬಾರದು.

ರಿಪೋರ್ಟ್ ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಮತ್ತೆ ಏರುತ್ತದೆ. ಅಲ್ಲದೆ ಲ್ಯಾಬಿನವರು 100ರ ಒಳಗಿದ್ದರೆ ಸರಿ ಅಂತ ಅಚ್ಚು ಹಾಕುವುದು ಎಲ್ಲರಿಗೂ ಸೇರಿಸಿ. ಹೃದಯದ ರಕ್ತನಾಳ ಕಟ್ಟಿಕೊಂಡವರಲ್ಲಿ ಅದು 70ಕ್ಕಿಂತ ಕೆಳಗಿರಬೇಕು. ಯುರೋಪಿನ ವೈದ್ಯರು 55 ಅನ್ನುತ್ತಾರೆ. ಸ್ಟೆಂಟ್ ಸರಿಮಾಡಿದ್ದು ಒಂದು ಜಾಗವನ್ನು. ಉಳಿದ ನಾಳಗಳಲ್ಲಿರುವ ಕೊಬ್ಬು ಬೆಳೆಯದಂತೆ ಕಾಯುವುದು ಈ ಮಾತ್ರೆಯೇ.

"ವಯಸ್ಸಾದವರ ಮೇಲೆ ಪರೀಕ್ಷೆ ಮಾಡಿದ್ದಾರಾ?" ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಅನುಮಾನ. 1994ರಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ 4444 ಹೃದ್ರೋಗಿಗಳ ಅಧ್ಯಯನ ಮುಗಿದಾಗ, ಐದು ವರ್ಷದ ಆಚೀಚೆ, ಔಷಧಿಯೇ ಇಲ್ಲದ ಖಾಲಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಜನ ತೀರಿಕೊಂಡಿದ್ದರು. ಸಿಮ್ವಾಸ್ಟಾಟಿನ್ ಅನ್ನುವ ಸ್ಟಾಟಿನ್ ನುಂಗಿದವರಲ್ಲಿ 8. ಆದರೆ 70 ದಾಟಿದವರನ್ನು ಅದಕ್ಕೆ ಸೇರಿಸಿಕೊಂಡಿರಲಿಲ್ಲ. 2002ರಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ಸ್ಕಾಟ್ಲೆಂಡ್, ಐರ್ಲೆಂಡ್, ನೆದರ್ಲೆಂಡ್ಸ್‌ಗಳ 70ರಿಂದ 82 ವಯಸ್ಸಿನ 5804 ಜನರ ಅಧ್ಯಯನದಲ್ಲಿ ಪ್ರಾವಾಸ್ಟಾಟಿನ್ ಅನ್ನುವ ಇನ್ನೊಂದು ಸ್ಟಾಟಿನ್ ತಗೊಂಡವರಿಗೆ ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು. ಮರೆವು ಜಾಸ್ತಿಯಾಗುತ್ತದಾ ಅಂತಲೂ ನೋಡಿದರು. ವ್ಯತ್ಯಾಸ ಕಾಣಲಿಲ್ಲ.

"ಪಕ್ಕದ ಮನೆಯವರಿಗೆ ಡಾಕ್ಟ್ರೇ ನಿಲ್ಲಿಸಿದ್ರಲ್ಲ?" ಅವರಿಗೆ ಹೃದಯದ ಕಾಯಿಲೆ ಇತ್ತಾ ಅಂತ ಮೊದಲು ಕೇಳಿ. ಕಾಯಿಲೆಯೇ ಇಲ್ಲದ, 75 ದಾಟಿದವರಿಗೆ ಸ್ಟಾಟಿನ್ ಎಷ್ಟು ಬೇಕು ಅನ್ನುವುದು ನಿಜಕ್ಕೂ ಚರ್ಚೆಯ ವಿಷಯ. ಅವರ ಲೆಕ್ಕ ಬೇರೆ, ನಿಮ್ಮಪ್ಪನ ಲೆಕ್ಕ ಬೇರೆ.

ಮಾತ್ರೆ ಬಿಡಲು ಜನ ಕೊಡುವ ದೊಡ್ಡ ಕಾರಣ ಮೈಕೈ ನೋವು. ಇದರ ಬಗ್ಗೆ ಲಂಡನ್ನಿನಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ತೊಂದರೆ ಆಯಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ತಗೊಂಡರು. ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಅದರಂತೆಯೇ ಕಾಣುವ ಖಾಲಿ ಮಾತ್ರೆ, ಒಂದು ತಿಂಗಳು ಏನೂ ಇಲ್ಲ. ಹೀಗೆ ಅದಲುಬದಲು ಮಾಡುತ್ತಾ ಒಂದು ವರ್ಷ. ತೊಂದರೆ ಎಷ್ಟಿದೆ ಅಂತ ದಿನಾ ಅಂಕ ಹಾಕಬೇಕು. ಮಾತ್ರೆ ಇಲ್ಲದ ತಿಂಗಳಲ್ಲಿ ಸರಾಸರಿ ಅಂಕ 8. ಸ್ಟಾಟಿನ್ ತಿಂಗಳಲ್ಲಿ 16.3. ಖಾಲಿ ಮಾತ್ರೆಯ ತಿಂಗಳಲ್ಲಿ? 15.4! ಅವರು ಸುಳ್ಳು ಹೇಳುತ್ತಿದ್ದರು ಅಂತಲ್ಲ. ನೋವು ನಿಜವೇ. ಆದರೆ ಬಹುಪಾಲು ಬಂದದ್ದು ಮಾತ್ರೆ ನುಂಗಿದೆ ಅನ್ನುವ ಭಯದಿಂದ. ಆಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು.

ಹಾಗಂತ ನೋವನ್ನು ತಳ್ಳಿಹಾಕಬೇಡಿ. ಎರಡೂ ತೊಡೆ, ಭುಜ ಸೋತಂತಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಕೂಡಲೇ ತೋರಿಸಿ. ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ತಿಳಿಯಲು ಸಿಕೆ ಅನ್ನುವ ರಕ್ತಪರೀಕ್ಷೆ ಮಾಡುತ್ತೇವೆ, ಥೈರಾಯ್ಡ್ ಕೂಡ ನೋಡುತ್ತೇವೆ. ಎಷ್ಟೋ ಸಲ ಡೋಸ್ ಇಳಿಸಿದರೆ ಸಾಕಾಗುತ್ತದೆ. ಡೋಸ್ ಎರಡು ಪಟ್ಟು ಮಾಡಿದರೂ ಎಲ್‌ಡಿಎಲ್ ಇಳಿಯುವುದು ಇನ್ನೊಂದು ಆರು ಪರ್ಸೆಂಟ್ ಅಷ್ಟೇ. ಹಾಗಾಗಿ ತೆಳ್ಳಗಿರುವ, ಕಿಡ್ನಿ ಸ್ವಲ್ಪ ಸೋತಿರುವ ಅಜ್ಜಿಗೆ ಕಡಿಮೆ ಡೋಸ್ ಕೊಟ್ಟು, ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಬಗೆಯ ಮಾತ್ರೆ ಎಜೆಟಿಮೈಬ್ ಸೇರಿಸುವುದು ನನಗೆ ಹೆಚ್ಚು ಸರಿ ಅನಿಸುತ್ತದೆ.

ಕೆಮ್ಮು, ಜ್ವರ ಅಂತ ಬೇರೆ ಡಾಕ್ಟರ ಹತ್ತಿರ ಹೋದರೆ ಮಾತ್ರೆಗಳ ಚೀಟಿ ತೋರಿಸಿ. ಕ್ಲಾರಿತ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್ ಜೊತೆ ಅಟೋರ್ವಾಸ್ಟಾಟಿನ್ ಸೇರಿದರೆ ರಕ್ತದಲ್ಲಿ ಅಟೋರ್ವಾಸ್ಟಾಟಿನ್ ಪ್ರಮಾಣ ಏರಿ ಸ್ನಾಯುಗಳಿಗೆ ತೊಂದರೆ ಆಗಬಹುದು.

ನಾನೇ ನಿಲ್ಲಿಸುವ ಸಂದರ್ಭವೂ ಇದೆ. ಕ್ಯಾನ್ಸರ್ ಕೊನೆಯ ಹಂತದಲ್ಲಿದ್ದು ದಿನಗಳನ್ನು ಎಣಿಸುತ್ತಿರುವವರಿಗೆ, ನುಂಗುವುದೇ ಕಷ್ಟವಾದವರಿಗೆ ಈ ಮಾತ್ರೆಯಿಂದ ಹೆಚ್ಚೇನೂ ಸಿಗುವುದಿಲ್ಲ. ಅಂಥವರ ಮನೆಯವರಿಗೆ ನಾನೇ ಮೊದಲು ಹೇಳುತ್ತೇನೆ, ಇದನ್ನು ಬಿಟ್ಟುಬಿಡಿ ಅಂತ.